ಗಂಡಿನ ಕಡೆಯ ಯಂಕವ್ವ

ಇಂಪನಾ, ನೀನು ಕೇಳಿದ್ದು ಸಣ್ಣ ಪ್ರಶ್ನೆ. ದಸರಾ ಮುಗಿದದ್ದೇ ತಡ ಚಾನೆಲ್‌ಗಳಲ್ಲಿ ಹೊಸ ಧಾರಾವಾಹಿಗಳ ಸುಗ್ಗಿ, ಅದರಲ್ಲಿ ಯಾವುದನ್ನು ನೋಡಲಿ, ಮೊದಲ ನೋಟಕ್ಕೆ ನಿನಗೆ ಯಾವುದು ಹಿಡಿಸಿತು ಅಂತ ಕೇಳಿದೆ. ಒಂದೇ ಸಾಲಿನ ಉತ್ತರ ಬರೆದು ಕಳಿಸಬಹುದಿತ್ತು. ಆದರೆ ನಮ್ಮ ಮನೆಗಳ ಸಾಲಿನಲ್ಲಿ ಧಾರಾವಾಹಿಯನ್ನು ಯಾರೂ ಸುಮ್ಮನೆ ನೋಡುವುದಿಲ್ಲ. ಅದಕ್ಕೊಂದು ಶಾಸ್ತ್ರವಿದೆ. ಈ ಸಲ ಆ ಶಾಸ್ತ್ರವೇ ಮುರಿದು ಬೀಳುವುದರಲ್ಲಿತ್ತು. ಅಷ್ಟನ್ನೂ ಬರೆಯಲು ಕೂತರೆ ಬೆರಳುಗಳು ಸೋಲುತ್ತವೆ. ಅದಕ್ಕೇ ಮಾತಿನಲ್ಲಿ ಕಳಿಸುತ್ತಿದ್ದೇನೆ. ನಾಳೆ ಸಂಜೆ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ನಿನ್ನ ಕಂಪನಿ ಬಸ್ಸು ನಿಂತಲ್ಲೇ ನಿಲ್ಲುತ್ತದಲ್ಲ, ಆಗ ಕೇಳು.

ಮೊದಲು ನಮ್ಮ ದೊಡ್ಡವ್ವನ ವಿಷಯ. ನನ್ನ ಅವ್ವನ ಅಕ್ಕ, ಯಂಕವ್ವ. ಊರು ಯಾದಗಿರಿ ಕಡೆ, ಆದರೆ ಪುಣೆಗೆ ಬಂದು ಅರ್ಧ ಆಯುಷ್ಯವಾಯಿತು. ಧನಕವಡಿಯಲ್ಲಿ ಗುಡ್ಡದ ಬುಡಕ್ಕೆ ತಗಡು ಹೊದಿಸಿದ ಒಂದು ಸಾಲು ಮನೆಗಳಿವೆ, ಗಣಪತಿ ಹಬ್ಬಕ್ಕೆ ಬಂದಾಗ ನೀನು ಬಾಗಿಲಿಗೆ ತಲೆ ಬಡಿಸಿಕೊಂಡೆಯಲ್ಲ, ಅದೇ ಸಾಲು. ಮಧ್ಯದ ಖೋಲಿ ದೊಡ್ಡವ್ವನದು. ಅವಳ ಎಡಕ್ಕೆ ನಾವು, ಬಲಕ್ಕೆ ಸಾಬವ್ವ. ಎಲ್ಲರೂ ನಮ್ಮ ಕಡೆಯ ಮಂದಿಯೇ. ಬೆಳಿಗ್ಗೆ ಕೂಲಿಯವರು ಸೇರುವ ನಾಕಾದಲ್ಲಿ ನಿಂತು, ಕರೆದವರ ಜೊತೆ ಕಟ್ಟಡದ ಕೆಲಸಕ್ಕೆ ಹೋಗುವವರು. ದೊಡ್ಡವ್ವ ಸಿಮೆಂಟು, ಇಟ್ಟಿಗೆ ಹೊರುತ್ತಾಳೆ. ಅವಳ ದನಿ ಎಷ್ಟು ದೊಡ್ಡದೆಂದರೆ, ಅವಳು ಕೆಳಗಿನಿಂದ ಕೂಗಿದರೆ ಆರನೇ ಮಹಡಿಯವರು ಹಗ್ಗ ಇಳಿಸುತ್ತಾರೆ. ಕೂಲಿ ಕರೆತರುವ ಮುಕಾದಮನಿಗೆ ಫೋನು ಬೇಕಾಗುವುದಿಲ್ಲ.

ಇಂಥ ಹೆಂಗಸಿಗೆ ಜೀವನದಲ್ಲಿ ಒಂದೇ ಚಟ. ರಾತ್ರಿ ಎಂಟು ಗಂಟೆಯ ಧಾರಾವಾಹಿ.

ನಮ್ಮ ಸಾಲಿನಲ್ಲಿ ಕನ್ನಡ ಚಾನೆಲ್ ಬರುವ ಛತ್ರಿ ಇರುವುದು ಅವಳ ಮನೆಯ ಮೇಲೆ ಮಾತ್ರ. ಟಿವಿ ಹಳೆಯದು. ಅವಳು ಇಟ್ಟಿಗೆ ಹೊತ್ತ ಬಿಲ್ಡಿಂಗಿನ ಒಬ್ಬ ಮನೆಯೊಡತಿ ಹೊಸ ಟಿವಿ ತಂದಾಗ ಇದನ್ನು ಕೊಟ್ಟಳು. ಬಲಗಡೆ ಮೂಲೆಯಲ್ಲಿ ಒಂದು ಹಸಿರು ಕಲೆ ಇದೆ. ಆ ಮೂಲೆಗೆ ಬಂದು ನಿಂತವರು ಎಷ್ಟೇ ಸುಂದರಿಯರಾದರೂ ಕೆನ್ನೆ ಹಸಿರಾಗುತ್ತದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾಲಿನ ಹೆಂಗಸರೆಲ್ಲ ಅಡಿಗೆ ಮುಗಿಸಿ ಎಂಟಕ್ಕೆ ಅಲ್ಲಿ ಸೇರುತ್ತಾರೆ. ಎಂಟೂವರೆಗೆ ಟಿವಿ ಗಂಡಸರ ಪಾಲಾಗುತ್ತದೆ. ಅಂದರೆ ವರ್ಷವಿಡೀ ನೋಡಲು ಸಿಗುವುದು ಒಂದೇ ಒಂದು ಧಾರಾವಾಹಿ. ಹಾಗಾಗಿ ಆರಿಸುವಾಗ ತಪ್ಪುವಂತಿಲ್ಲ. ತಪ್ಪಬಾರದೆಂದೇ ದೊಡ್ಡವ್ವ ಹುಟ್ಟಿಸಿದ ಪದ್ಧತಿ, ಹೆಣ್ಣು ನೋಡುವ ಶಾಸ್ತ್ರ.

ನಗಬೇಡ. ಖಂಡಿತ ಹಾಗೆಯೇ ನಡೆಯುತ್ತದೆ. ಹೊಸ ಧಾರಾವಾಹಿ ಶುರುವಾಗುವ ದಿನ ಚಾಪೆ ಹಾಸುತ್ತಾರೆ. ಟಿವಿಯ ಗಾಜು ಒರೆಸಿ ಮೇಲೊಂದು ಕುಂಕುಮದ ಬೊಟ್ಟು ಇಡುತ್ತಾರೆ. ಚುರುಮುರಿ ಸುಸಲಾ, ಚಹಾ. ಧಾರಾವಾಹಿ ಹೆಣ್ಣಾದರೆ ನಮ್ಮ ಸಾಲು ಗಂಡಿನ ಮನೆ. ಎರಡು ಕಡೆಗೂ ಒಬ್ಬೊಬ್ಬ ಹಿರಿಯಳು ಬೇಕು. ಗಂಡಿನ ಕಡೆಯವಳು ತಪ್ಪು ಹುಡುಕಬೇಕು, ಹೆಣ್ಣಿನ ಕಡೆಯವಳು ಮುಚ್ಚಿ ಮಾತಾಡಬೇಕು. ಇಬ್ಬರೂ ಜಗಳಾಡಿ ಒಂದು ಮಾತಿಗೆ ಬಂದರೆ ಮಾತ್ರ ಒಪ್ಪಿಗೆ. ಆ ಒಪ್ಪಿಗೆಯನ್ನೂ ಕೂಡಲೇ ಹೇಳುವಂತಿಲ್ಲ. ಮರುದಿನ ಮುಂಜಾನೆ ನಳದ ಹತ್ತಿರ ಹೇಳಬೇಕು.

ಗಂಡಿನ ಕಡೆ ಯಾವಾಗಲೂ ದೊಡ್ಡವ್ವ. ಬಣ್ಣದ ದೊಡ್ಡ ಡಬ್ಬಿಯನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂರುತ್ತಾಳೆ. ಹೆಣ್ಣಿನ ಕಡೆ ಯಾವಾಗಲೂ ಪಕ್ಕದ ಮನೆಯ ಸಾಬವ್ವ. ಗೋಡೆಗೆ ಒರಗಿ, ಮಡಚಿದ ಕೌದಿಯ ಮೇಲೆ. ದೊಡ್ಡವ್ವ ಎಷ್ಟು ದಪ್ಪ ದನಿಯವಳೋ ಸಾಬವ್ವ ಅಷ್ಟು ಸಣ್ಣ ದನಿಯವಳು. ಒಂದೇ ನಾಕಾದಲ್ಲಿ ನಿಂತು ಒಂದೇ ಬುತ್ತಿ ಉಂಡವರು. ಸಾಬವ್ವನ ಮಗ ಜೈಭೀಮನಿಗೆ ಹೆಣ್ಣು ನೋಡಲು ಹೋದಾಗಲೂ ಗಂಡಿನ ಕಡೆಯ ಹಿರಿಯಳಾಗಿ ಹೋದದ್ದು ದೊಡ್ಡವ್ವನೇ. ಭಾಗ್ಯಾಳನ್ನು ನೋಡಿ ಬಾಗಿಲಲ್ಲೇ ಹೇಳಿದಳಂತೆ, "ಹುಡುಗಿ ಪಾಸು, ಚಹಾ ತರ್ರಿ" ಅಂತ. ಮೊದಲ ನೋಟಕ್ಕೆ ಮನುಷ್ಯರನ್ನು ಅಳೆಯುತ್ತೇನೆ ಎನ್ನುವುದು ಅವಳ ದೊಡ್ಡ ಹೆಮ್ಮೆ.

ಕೆಟ್ಟದ್ದೂ ಆ ಹೆಮ್ಮೆಯಿಂದಲೇ.

ಮಳೆಗಾಲದಲ್ಲಿ ಹೋದ ವರ್ಷದ ಧಾರಾವಾಹಿ ಮುಗಿಯಿತು. ಕೊನೆಯ ದಿನ, ವರ್ಷವಿಡೀ ಸೊಸೆಯನ್ನು ಕಾಡಿದ ಅತ್ತೆ ಬಂದು ಸೊಸೆಯ ಕೈ ಹಿಡಿದು ಅತ್ತಳು. ಸಾಬವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಪಾಪ, ಕ್ಷಮಾ ಮಾಡ್ಬೇಕಿತ್ತು ಬಿಡು. ಆಕೀನೂ ಒಬ್ಬ ತಾಯಿನ" ಅಂದಳು.

ದೊಡ್ಡವ್ವ ಡಬ್ಬಿಯ ಮೇಲಿಂದಲೇ ತಿರುಗಿದಳು. "ನಿನಗ ಹಂಗ ಅನಸ್ತದ ಬಿಡವ್ವ. ನಿನ್ನ ಮನ್ಯಾಗಿನ ಸೊಸಿ ಚೀಲ ಹಿಡಕೊಂಡು ಅಳ್ಕೋತ ತವರಿಗಿ ಹೋಗ್ಯಾಳ. ನೀ ಬಾಗಿಲತನಾನೂ ಬರಲಿಲ್ಲ. ನಾ ಪಾಸ್ ಮಾಡಿ ತಂದ ಹುಡುಗಿ ಆಕಿ. ನಾ ನೋಡೀನಿ ಎಲ್ಲಾ."

ನೋಡಿದ್ದು ನಿಜ. ಅದಕ್ಕೆ ಒಂದು ವಾರ ಮೊದಲು ಬೆಳಗಿನ ಮಳೆಯಲ್ಲಿ ಭಾಗ್ಯಾ ಚೀಲ ಹಿಡಿದು, ಮುಖ ಒರೆಸಿಕೊಳ್ಳುತ್ತಾ, ಹಿಂತಿರುಗಿ ನೋಡದೆ ಹೋಗಿದ್ದಳು. ಸಾಬವ್ವ ಹೊರಗೆ ಬಂದಿರಲಿಲ್ಲ. ಇಂಪನಾ, ನೀನೇ ಹೇಳು, ಧಾರಾವಾಹಿಯಲ್ಲಿ ಮಳೆಯಲ್ಲಿ ಚೀಲ ಹಿಡಿದು ಅಳುತ್ತಾ ಹೋದ ಸೊಸೆಯನ್ನು ಯಾರು ಓಡಿಸಿರುತ್ತಾರೆ? ನಮ್ಮ ಸಾಲಿನಲ್ಲಿ ಎಲ್ಲರೂ ಹಾಗೇ ಎಣಿಸಿದ್ದರು. ಬಾಯಿ ಬಿಟ್ಟು ಅಂದವಳು ದೊಡ್ಡವ್ವ ಒಬ್ಬಳೇ.

ಸಾಬವ್ವ ಬಾಯಿ ತೆರೆದು ಮುಚ್ಚಿದಳು. ಕೌದಿಯನ್ನು ಮತ್ತೊಂದು ಮಡಿಕೆ ಮಡಚಿ ಗೋಡೆಗಿಟ್ಟು ಎದ್ದು ಹೋದಳು. ಅಲ್ಲಿಂದ ಮಾತು ಬಂದ್. ನಳದ ಹತ್ತಿರ ಒಬ್ಬಳು ಬಂದರೆ ಇನ್ನೊಬ್ಬಳು ಹಿಂದೆ ಸರಿಯುತ್ತಿದ್ದಳು. ನಾಕಾದಲ್ಲಿ ಒಬ್ಬಳು ಆಚೆ ದಂಡೆ, ಒಬ್ಬಳು ಈಚೆ ದಂಡೆ. ಒಂದಿಟ್ಟಿಗೆಯ ಗೋಡೆಯ ಎರಡೂ ಕಡೆ ಇಬ್ಬರೂ ಬಾಯಿ ಬಿಗಿದುಕೊಂಡು ಶ್ರಾವಣ ಕಳೆದರು, ಗಣಪತಿ ಕಳೆದರು, ದಸರಾಕ್ಕೆ ಬನ್ನಿ ಕೊಡುವಾಗಲೂ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ಅಷ್ಟರಲ್ಲಿ ಹೊಸ ಧಾರಾವಾಹಿಗಳು ಬಂದವು. ದೊಡ್ಡವ್ವನ ಮನೆಯಲ್ಲಿ ಹೆಣ್ಣಿನ ಕಡೆ ಖಾಲಿ.

ಮೊದಲು ಬಂದದ್ದು ನೀಲಿ ಬಂಗಲೆಯದು. ನಮ್ಮಲ್ಲಿ ಧಾರಾವಾಹಿಯ ಹೆಸರನ್ನು ಯಾರೂ ಹೇಳುವುದಿಲ್ಲ, ಕಂಡದ್ದೇ ಹೆಸರು. ದೊಡ್ಡ ಬಂಗಲೆ, ಮೂವರು ಅಣ್ಣತಮ್ಮಂದಿರು, ಊಟದ ಮೇಜಿನ ಮೇಲೆ ಹದಿನೈದು ತರಹದ ಅಡಿಗೆ, ಯಾರೂ ತಿನ್ನುವುದಿಲ್ಲ. ಹೆಣ್ಣಿನ ಕಡೆ ಯಾರೂ ಇಲ್ಲವೆಂದು ಹೆಂಗಸರು ದೊಡ್ಡಪ್ಪ ಲಾಲಪ್ಪನನ್ನೇ ಕೌದಿಯ ಪಕ್ಕಕ್ಕೆ ಕೂರಿಸಿದರು. ಕೌದಿಯ ಮೇಲೆ ಕೂರಲು ದೊಡ್ಡವ್ವ ಬಿಡಲಿಲ್ಲ.

"ಅಲ್ಲಿ ಬ್ಯಾಡ. ಅದು... ಧೂಳದ" ಅಂದಳು.

ಅವತ್ತಿನ ಕಂತು ಮುಗಿದ ಮೇಲೆ ಕೇಳಿದಳು, "ಹೇಳ್ರಿ ಹೆಣ್ಣಿನ ಕಡಿಯವರ. ನಿಮ್ಮ ಹುಡುಗಿ ಒಂದು ತುತ್ತೂ ಉಣ್ಣಲಿಲ್ಲ. ರೋಗಾನ?"

ದೊಡ್ಡಪ್ಪನಿಗೆ ತೂಕಡಿಕೆ. "ಛಲೋ ಅದಾಳ ಬಿಡು. ಮಾಡಿ ಕೊಡು ಮದುವಿ" ಅಂದು ಮಲಗಿಬಿಟ್ಟ.

ಮರುದಿನ ನಳದ ಹತ್ತಿರ ತೀರ್ಪು ಬಂತು. "ಹದಿನೈದ ಪಲ್ಯ ಮಾಡಿ ಒಂದೂ ತಿನ್ನದ ಮನಿಗಿ ನಮ್ಮ ಸಂಬಂಧ ಬ್ಯಾಡ."

ಎರಡನೆಯದು ಕಟ್ಟಡದ್ದು. ನಾಯಕಿಯೇ ಗಾರೆ ಕೆಲಸದವಳು! ಸಾಲಿನ ಹೆಂಗಸರು ಎದ್ದು ಕೂತರು, ಇದು ನಮ್ಮದೇ ಕತೆ ಅಂತ. ಈ ಸಲ ಹೆಣ್ಣಿನ ಕಡೆ ನಾನು. ಶಿವಾಜಿನಗರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯಲ್ಲಿ ಮಾತಾಡಿದವಳು, ಇದೇನು ಮಹಾ ಅಂದುಕೊಂಡೆ.

"ದುರ್ಗಿ, ನಿಮ್ಮ ಹುಡುಗಿ ತಲಿಮ್ಯಾಲ ಬುಟ್ಟಿ ಹೊತ್ತಾಳ. ಸಿಂಬಿ ಎಲ್ಲದ?" ಅಂದಳು ದೊಡ್ಡವ್ವ. ತಲೆಗೂ ಬುಟ್ಟಿಗೂ ಮಧ್ಯ ಇಡುವ ಬಟ್ಟೆಯ ಸುರುಳಿ ಅದು.

"ಮರ್ತಿರಬೇಕು ದೊಡ್ಡವ್ವ."

"ಸಿಂಬಿ ಮರತಾಕಿ ಸಂಜಿತನಾ ನಗ್ತಾಳೇನು? ಕೂದ್ಲಾನೂ ಬಿಟ್ಟಾಳ. ಕಾಂಕ್ರೀಟ್ ಮಿಕ್ಸರ್ ಬಾಜೂ ಜೋತಾಡೂ ಕೂದ್ಲಾ! ಮುಕಾದಮ ಮನೀಗಿ ಕಳಸ್ತಾನ."

"ಆದ್ರ ಆಕಿ ಮನಸ ಛಲೋ ಅದಲ್ಲ?"

"ಮನಸ ಛಲೋ ಅದ ಅಂತ ನೀ ಹೇಳ್ತಿ. ಎಲ್ಲಿ ಛಲೋ ಅದ, ತೋರಿಸು. ಸಾಬಿ ಇದ್ರ..." ಅಂದವಳು ಅಲ್ಲಿಗೇ ನಿಲ್ಲಿಸಿ ಚಹಾದ ಲೋಟ ತೊಳೆಯಲು ಎದ್ದಳು.

ಸಾಬವ್ವ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಮಗೆಲ್ಲ ಗೊತ್ತು. ಆ ಹುಡುಗಿಯ ಕೂದಲಿಗೂ ಸಿಂಬಿಗೂ ಒಂದೊಂದು ಕಾರಣ ಹುಟ್ಟಿಸುತ್ತಿದ್ದಳು. ದೊಡ್ಡವ್ವ ಡಬ್ಬಿ ಬಡಿದು ನಗುತ್ತಿದ್ದಳು. ಆಮೇಲೆ ಸೋಲುತ್ತಿದ್ದಳು. ಆ ಸೋಲಿಗಾಗಿಯೇ ಅವಳು ಇಷ್ಟು ವರ್ಷ ಗಂಡಿನ ಕಡೆ ಕೂತದ್ದು ಅನ್ನಿಸಿತು ನನಗೆ. ಈಗ ಅವಳನ್ನು ಸೋಲಿಸುವವರೇ ಇರಲಿಲ್ಲ. ಎರಡನೆಯದೂ ನಾಪಾಸು.

ದೊಡ್ಡಪ್ಪ ಇದೇ ಸಮಯ ನೋಡಿ ಹೇಳಿಬಿಟ್ಟ. "ನೋಡ್ರಿ, ದೀಪಾವಳಿ ಲಕ್ಷ್ಮೀ ಪೂಜಾತನಾ ನಿಮ್ಮ ಹೆಣ್ಣ ಗೊತ್ತಾಗ್ಲಿಲ್ಲ ಅಂದ್ರ ಎಂಟರಿಂದ ಕಬಡ್ಡಿ. ವರ್ಷಪೂರ್ತಿ. ಗಂಡಸರೆಲ್ಲಾ ಮಾತಾಡೇವಿ."

ಹೆಂಗಸರ ಮುಖ ಸಪ್ಪಗಾಯಿತು. ಆ ಅರ್ಧ ಗಂಟೆ ಹೋದರೆ ಅವರು ಒಂದು ಕಡೆ ಸೇರುವುದೇ ಹೋಗುತ್ತದೆ. ಸಾಬವ್ವನ ಬಾಗಿಲಿಗೆ ಒಬ್ಬೊಬ್ಬರೇ ಹೋಗಿ ಬಂದರು. "ಕೆಲಸ ಭಾಳ ಅದವ್ವ" ಎನ್ನುವುದೊಂದೇ ಉತ್ತರ. ದೊಡ್ಡವ್ವನಿಗೆ ಹೇಳಿದರೆ, "ನಾ ಯಾರನ್ನೂ ಕರ್ಯಾಂಗಿಲ್ಲ, ನಾ ಯಾರನ್ನೂ ಕಳಸಿಲ್ಲ."

ಆದರೆ ಒಂದು ವಿಷಯ ನಾನು ಗಮನಿಸಿದೆ. ದಿನದಿನಕ್ಕೆ ಟಿವಿಯ ಸದ್ದು ಏರುತ್ತಿತ್ತು. ಮೊದಲು ಎದುರಿನ ಗೋಡೆಗಿದ್ದ ಟಿವಿಯನ್ನು, ಅಲ್ಲಿ ತಂಪು ಹಿಡಿಯುತ್ತದೆ ಅಂತ ಹೇಳಿ, ಸಾಬವ್ವನ ಕಡೆಯ ಗೋಡೆಗೆ ಸರಿಸಿದಳು. ಎದುರಿನ ಮನೆಯ ಮಾಳಿಗೆಯಿಂದ ನಮ್ಮ ಮಾಲಕಿ, ಮರಾಠಿ ಆಜಿ, ಸದ್ದು ಇಳಿಸು ಅಂತ ಕೂಗುತ್ತಿದ್ದಳು, "ಯಂಕವ್ವಾ, ಆವಾಜ ಕಮಿ ಕರ್ ಗಂ!"

"ಹೋ ಆಜಿ, ಕರತೆ!" ಅಂತ ದೊಡ್ಡವ್ವ ಇಲ್ಲಿಂದ ಕೂಗಿ, ಇನ್ನೆರಡು ಗೆರೆ ಏರಿಸುತ್ತಿದ್ದಳು. ಕೇಳಿದರೆ, ಮಿಕ್ಸರ್ ಸದ್ದಿಗೆ ಕಿವಿ ಮಂದವಾಗಿದೆಯಂತೆ. ಅದೇ ಕಿವಿಗೆ ನಾನು ಮೂರು ಮನೆ ಆಚೆ ಬಿಸ್ಕೀಟು ಪ್ಯಾಕೇಟು ಒಡೆದದ್ದು ಕೇಳಿಸುತ್ತದೆ.

ಮೂರನೆಯದು ಬಂತು, ಹೂವಿನ ಅಂಗಡಿಯದು. ಆ ದಿನವೇ ಮಧ್ಯಾಹ್ನ ಭಾಗ್ಯಾ ತವರಿನಿಂದ ವಾಪಸು ಬಂದಿದ್ದಳು. ದೊಡ್ಡವ್ವ ಅವಳು ರಿಕ್ಷಾ ಇಳಿಯುವುದನ್ನು ಕಿಟಕಿಯಿಂದ ನೋಡಿ, "ಬಂದಳೇನ" ಅಂದಳು, ಅಷ್ಟೇ.

ಹೂವಿನ ಅಂಗಡಿಯದರಲ್ಲಿ ಒಬ್ಬ ಹುಡುಗಿ. ಹೂ ಕಟ್ಟುವ ತಾಯಿ. ಮೊದಲ ದಿನವೇ ತಾಯಿ ಮಗಳನ್ನು ಪಟ್ಟಣದ ಚಿಕ್ಕಮ್ಮನ ಮನೆಗೆ ಕಳಿಸುತ್ತಾಳೆ. ಹುಡುಗಿ ಹೊರಡುತ್ತಾಳೆ. ತಾಯಿ ಒಳಗೇ ಕೂತು ಹೂ ಕಟ್ಟುತ್ತಾಳೆ, ಹೊರಗೆ ಬರುವುದಿಲ್ಲ. "ಹುಷಾರು" ಅಂತ ಒಳಗಿನಿಂದ ಒಂದು ಮಾತು. ಹುಡುಗಿ ಹಿಂತಿರುಗದೆ ನಡೆದುಬಿಡುತ್ತಾಳೆ. ಬೇರೆಯವರು ಏನಂದುಕೊಂಡರೋ, ನಾನಂತೂ ಟಿವಿಯ ಪಕ್ಕ ಸಾಬವ್ವನ ಕಡೆಯ ಗೋಡೆಗೆ ಒರಗಿ ಕೂತಿದ್ದೆ. ಆಚೆ ಕಡೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಧಾರಾವಾಹಿಯ ಹಾಡು ಶುರುವಾದದ್ದೇ ಪಾತ್ರೆಯ ಸದ್ದು ನಿಂತಿತು. ಜಾಹೀರಾತು ಬಂದಾಗ ಮತ್ತೆ ಶುರುವಾಯಿತು. ಜಾಹೀರಾತು ಮುಗಿಯಿತು, ಪಾತ್ರೆಯೂ ನಿಂತಿತು.

ನಾನು ದೊಡ್ಡವ್ವನ ಕಡೆ ನೋಡಿದೆ. ಅವಳು ಟಿವಿ ನೋಡುತ್ತಿರಲಿಲ್ಲ. ಟಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದಳು.

ಮರುದಿನ ನಳದ ಹತ್ತಿರ ಕೊಡಗಳ ಸಾಲು. ದೊಡ್ಡವ್ವ ಮುಂದೆ, ನಡುವೆ ನಾವು ನಾಲ್ಕು ಜನ, ಹಿಂದೆ ಸಾಬವ್ವ, ಪಕ್ಕದಲ್ಲಿ ಭಾಗ್ಯಾ. ಹೆಂಗಸರು ತೀರ್ಪು ಕೇಳಿದರು.

"ನಾಪಾಸು" ಅಂದಳು ದೊಡ್ಡವ್ವ, ಸಾಲಿನ ಕೊನೆಯವರೆಗೂ ಕೇಳುವಂತೆ. "ಕಲ್ಲಿನ ಮನಸಿನ ಮಂದಿ. ತಾಯಿ ಅನ್ನಾಕಿ ಬಾಗಿಲತನಾ ಬರಲಿಲ್ಲ. ಮಗಳನ್ನಾಕಿ ತಿರುಗಿ ನೋಡ್ಲಿಲ್ಲ. ಇಂಥವರ ಕತಿ ಏನ್ ನೋಡೂದು?"

ಆಮೇಲೆ ಹಿಂದಿನಿಂದ ಆ ಸಣ್ಣ ದನಿ ಬಂತು. ಸಾಬವ್ವ ಯಾರ ಮುಖವನ್ನೂ ನೋಡದೆ ತನ್ನ ಕೊಡಕ್ಕೆ ಹೇಳಿದಳು.

"ಅಯ್ಯ, ಕಣ್ಣಿದ್ದವರಿಗಿ ಕಾಣಲಿಲ್ಲ ಅಂದ್ರ ಏನ್ ಮಾಡೂದು. ತಾಯಿ ಒಳಗಿಂದ ಹುಷಾರು ಅಂದಾಗ ದನಿ ಒಡದಿತ್ತು. ಹೊರಗ ಬಂದ್ರ ಅಳತಾಳ, ತಾಯಿ ಅತ್ರ ಹುಡುಗಿ ಹೋಗಾಂಗಿಲ್ಲ. ಅದಕ್ಕ ಬರಲಿಲ್ಲ. ಆ ಹುಡುಗಿ ಹೋಗ್ವಾಗ ಎರಡು ಸಲ ಮೂಗು ಎಳಕೊಂಡ್ಳು. ಮುಖಾ ತೋರಿಸಿದ್ರ ತಾಯಿಗಿ ಗೊತ್ತಾಗ್ತದಂತ ತಿರುಗಲಿಲ್ಲ. ಇಷ್ಟೂ ತಿಳೀಲಿಲ್ಲಂದ್ರ ಟಿವಿ ಯಾಕ ಇಟ್ಕೋಬೇಕು?"

ಎಲ್ಲರೂ ಗೊಳ್ಳೆಂದು ನಕ್ಕರು. "ಅಲ್ಲಬೇ ಸಾಬವ್ವ, ಗ್ವಾಡಿ ಆಚಿಂದ ಮೂಗ ಎಳಕೊಂಡದ್ದೂ ಕೇಳಿಸ್ತೇನು!" ಅಂದಳು ನಮ್ಮವ್ವ. ಸಾಬವ್ವನ ಮುಖ ಕೆಂಪಾಯಿತು. ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋಗಿಬಿಟ್ಟಳು.

ಒಬ್ಬರು ಮಾತ್ರ ನಗಲಿಲ್ಲ, ಭಾಗ್ಯಾ. ನಮ್ಮ ಕೊಡಗಳೆಲ್ಲ ತುಂಬಿದ ಮೇಲೆ ದೊಡ್ಡವ್ವನ ಹತ್ತಿರ ಬಂದಳು. ತೆಳ್ಳಗಾಗಿದ್ದಳು.

"ದೊಡ್ಡತ್ತಿ, ನಿಮ್ಮ ಜೋಡಿ ಮಾತಾಡ್ಬೇಕಿತ್ತು. ನಾ ತವರಿಗಿ ಹೋದದ್ದು ನಮ್ಮತ್ತಿ ಓಡಿಸಿದ್ದಕ್ಕಲ್ರಿ."

ದೊಡ್ಡವ್ವ ಕೊಡ ಕೆಳಗಿಟ್ಟಳು.

"ನನಗ ಹೊಟ್ಯಾಗ ಇತ್ತು. ಯಾರಿಗೂ ಹೇಳಿದ್ದಿಲ್ಲ. ನಿಲ್ಲಲಿಲ್ರಿ, ಹೋಯ್ತು. ಮತ್ತ ಕೆಲಸಕ್ಕ ಹೋದ್ರ ಭಾರ ಎತ್ತಬೇಕಾಗ್ತದಂತ ನಮ್ಮತ್ತಿನ ಬಡಕೊಂಡು ಕಳಿಸಿದ್ಳು. ನಿಮ್ಮವ್ವನ ಕಡಿ ಇದ್ದು ಆರಾಮ ಆಗಿ ಬಾ, ನನ್ನ ದಿನಾ ನಾ ದುಡೀತೀನಿ ಅಂದ್ಳು. ಮಂದಿಗಿ ಗೊತ್ತಾಗೂದು ಬ್ಯಾಡ ಅಂತ ನಾನ ಆಣಿ ಹಾಕಿಸಿದ್ದೆ. ಎಲ್ಲಾರೂ ಬಂದು ಕೇಳ್ತಾರ, ನನಗ ಅದು ಬ್ಯಾಡಾಗಿತ್ತು. ಹೋಗೂ ದಿನ ಆಕಿ ಒಳಗ ಬಾಗಿಲ ಹಿಂದ ಕುಂತು ಅಳ್ಳಾಕತ್ತಿದ್ಳು. ಅದಕ್ಕ ಬರಲಿಲ್ಲ."

ದೊಡ್ಡವ್ವ ಮೊದಲ ಸಲ ದನಿ ಇಳಿಸಿ ಕೇಳಿದಳು, "ನಾ ಅವತ್ತ ಮಂದಿ ಮುಂದ ಅಂದಾಗ... ಒಂದ ಮಾತು ಹೇಳಿದ್ರ ನನ್ನ ಬಾಯಿ ಬಂದ್ ಆಗ್ತಿತ್ತು. ಯಾಕ ಹೇಳಲಿಲ್ಲ ಆಕಿ?"

"ನನ್ನ ಆಣಿ ಇತ್ತಲ್ರಿ" ಅಂದಳು ಭಾಗ್ಯಾ. "ಈಗ ನಾನ ಹೇಳೀನಿ. ಇನ್ನ ಯಾರಿಗೆ ಗೊತ್ತಾದ್ರೂ ನಡೀತದ."

ಆ ದಿನ ದೊಡ್ಡವ್ವ ಕೆಲಸಕ್ಕೆ ಹೋದಳು, ಬಂದಳು. ಅವಳ ಜೊತೆ ಹೋದವರು ಹೇಳಿದರು, ಸೈಟಿನಲ್ಲಿ ಯಾರನ್ನೂ ಬೈಯಲಿಲ್ಲವಂತೆ. ಮುಕಾದಮ ಮೈ ಹುಷಾರಿಲ್ಲವೇನೋ ಅಂತ ಹೆದರಿ, "ತಬ್ಯೇತ ಠೀಕ ಹೈ ಕ್ಯಾ?" ಅಂತ ಎರಡು ಸಲ ಕೇಳಿದನಂತೆ. ಸಂಜೆ ಮುಖ ತೊಳೆದು, ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಳು. ತಾಟಿನಲ್ಲಿ ಅರಿಸಿನ, ಕುಂಕುಮ, ಎಲೆ, ಅಡಿಕೆ ಇಟ್ಟುಕೊಂಡಳು. ಹೆಣ್ಣು ನೋಡಲು ಬರ್ರಿ ಎಂದು ಕರೆಯಲು ಹೆಣ್ಣಿನ ಕಡೆಯವರು ಹೀಗೇ ಹೋಗುವುದು.

"ದುರ್ಗಿ, ನೀ ಬಾ. ಸಾಲಿನವರನ್ನೆಲ್ಲಾ ಕರಿ. ಮಂದಿ ಬೇಕು" ಅಂದಳು.

ಸಾಬವ್ವ ಬಾಗಿಲಲ್ಲಿ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ನಾವೆಲ್ಲ ಹಿಂದೆ ನಿಂತೆವು. ದೊಡ್ಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಗ ನೋಡು, ಸದಾ "ಏ ಸಾಬಿ" ಅಂದ ಬಾಯಿಂದ ಬಂದದ್ದು ಬೇರೆಯೇ ಮಾತು.

"ಸಾಬವ್ವಾರ, ಇವತ್ತ ಎಂಟಕ್ಕ ನಮ್ಮನ್ಯಾಗ ಹೆಣ್ಣ ನೋಡೂದು ಇಟ್ಟೀವ್ರಿ. ಹೂವಿನ ಅಂಗಡಿ ಹುಡುಗಿ. ಎರಡನೇ ಸಲ ಹಿರ್ಯಾರು ನೋಡ್ಬೇಕು. ನೀವು ಗಂಡಿನ ಕಡಿಯವರಾಗಿ ಬರ್ಬೇಕ್ರಿ."

ಸಾಬವ್ವ ಸೊಪ್ಪಿನಿಂದ ಕಣ್ಣು ಎತ್ತಲಿಲ್ಲ. "ಗಂಡಿನ ಕಡಿ? ಆ ಡಬ್ಬಿ ನಿಂದಲ್ಲೇನು?"

"ಈ ಸಲ ನಾ ಹೆಣ್ಣಿನ ಕಡಿ ಕೂಡ್ತೀನ್ರಿ. ತಲಿ ಬಗ್ಗಿಸಿ." ದೊಡ್ಡವ್ವ ತಾಟು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾ ಅವತ್ತ ಕಣ್ಣಿಗಿ ಕಂಡದ್ದ ಖರೇ ಅಂತ ತಿಳಕೊಂಡು ನಿಮಗ ಅಂದೆ. ಸೀರಿಯಲ್ ನೋಡಿ ನೋಡಿ ನಿಮ್ಮನ್ಯಾಗೂ ಸೀರಿಯಲ್ಲ ನಡದದ ಅಂದ್ಕೊಂಡೆ. ಮಂದಿ ಮುಂದ ಅಂದೀನಿ, ಮಂದಿ ಮುಂದನ ತಪ್ಪಾತು ಅಂತೀನಿ."

ಸಾಬವ್ವ ಒಳಗಿದ್ದ ಭಾಗ್ಯಾಳ ಕಡೆ ನೋಡಿದಳು. ಭಾಗ್ಯಾ ತಲೆಯಾಡಿಸಿದಳು. ಸಾಬವ್ವ ಕೈಯಲ್ಲಿದ್ದ ಕಡ್ಡಿಯನ್ನು ಮುರಿದಳು, ಆಮೇಲೆ ಹಣೆ ಮುಂದೆ ಚಾಚಿದಳು.

"ಕುಂಕುಮಾ ಹಚ್ಚೂದು ಹಚ್ಚು. ಬರ್ತೀನಿ ಅಂತ ನಾ ಅಂದಿಲ್ಲ."

ಎಂಟಾಯಿತು. ಚಾಪೆ, ಸುಸಲಾ, ಚಹಾ ಎಲ್ಲ ಸಿದ್ಧ. ಬಣ್ಣದ ಡಬ್ಬಿಯ ಮೇಲೆ ಒಂದು ಹೊಸ ಟವೆಲ್ಲು ಹಾಸಿ ಖಾಲಿ ಇಟ್ಟಿದ್ದರು. ದೊಡ್ಡವ್ವ ಗೋಡೆಯ ಹತ್ತಿರ, ಸಾಬವ್ವನ ಕೌದಿಯ ತುದಿಯಲ್ಲಿ ಕೂತಿದ್ದಳು. ಹಾಡು ಬಂತು. ಯಾರೂ ಬರಲಿಲ್ಲ. ಹಾಡು ಮುಗಿಯಿತು. ದೊಡ್ಡಪ್ಪ ಬಾಗಿಲಲ್ಲಿ ನಿಂತು ಗಡಿಯಾರ ನೋಡಿ, ಕಬಡ್ಡಿ ಅಂತ ಬಾಯಿ ತೆರೆದ. ದೊಡ್ಡವ್ವ ಅವನನ್ನು ನೋಡಿದ ನೋಟಕ್ಕೆ ಮುಚ್ಚಿದ.

ಆಗ ಹೊರಗಿನಿಂದ ಕೇಳಿತು, "ಗಂಡಿನ ಕಡಿಯವರು ಬರೂಕ್ಕಿಂತ ಮೊದಲ ಹೆಣ್ಣ ಹೊರಗ ತರ್ತಾರೇನ್ರಿ? ಎಂಥಾ ಮಂದಿ!"

ಸಾಬವ್ವ ಒಳಗೆ ಬಂದಳು, ಹಿಂದೆ ಭಾಗ್ಯಾ. ಡಬ್ಬಿಯ ಮೇಲೆ ಕೂತಳು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಯಾರೋ ಕಿಸಕ್ಕೆಂದರು, ಸಾಬವ್ವ ತಿರುಗಿ ನೋಡಿದಳು, ನಗು ನಿಂತಿತು. ದೊಡ್ಡವ್ವ ಎದ್ದು ಮೊದಲ ಚಹಾ ಅವಳಿಗೆ ಕೊಟ್ಟಳು.

ಸಾಬವ್ವ ಒಂದು ಗುಟುಕು ಕುಡಿದು ಶುರು ಮಾಡಿದಳು. ಇಂಪನಾ, ಅವಳ ಒಳಗೆ ಇಷ್ಟೊಂದು ಗಂಡಿನ ಕಡೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ.

"ಸಕ್ರಿ ಕಡಿಮಿ ಆಗ್ಯಾದ."

"ಹಾಕ್ತೀನ್ರಿ" ಅಂದಳು ದೊಡ್ಡವ್ವ.

"ಹುಡುಗಿ ಕೈ ನೋಡ್ರಿ. ಹೂವಿನಂಗಡಿಯಾಕಿ ಅಂತೀರಿ, ದಾರಾ ಹಿಡಿಯೂದ ಬರೂದಿಲ್ಲ."

ಅದು ದೊಡ್ಡವ್ವ ತಾನೇ ಹಿಂದಿನ ದಿನ ಕಂಡುಹಿಡಿದ ತಪ್ಪು. ಹೌದು ಅನ್ನಲು ಬಾಯಿ ತುರಿಸುತ್ತಿತ್ತು, ತುಟಿ ಕಚ್ಚಿಕೊಂಡಳು. "ಎಳೀ ಹುಡುಗಿ ಅದಾಳ್ರಿ. ಕಲೀತಾಳ."

"ಕೆನ್ನಿ ಹಸರಗದ."

"ಅದು ಟಿವಿದ್ರಿ!" ಅಂತ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

"ಇರಲಿ. ಚಿಕ್ಕಮ್ಮಗ ಎದುರು ಮಾತಾಡಿದ್ಳು. ಬಾಯಿ ಜೋರದ."

"ಬಾಯಿ ಜೋರದರೀ ಖರೇ" ಅಂದಳು ದೊಡ್ಡವ್ವ. "ಮನಸಿನ್ಯಾಗ ಏನಿಲ್ಲ."

ಸಾಬವ್ವ ಲೋಟ ಕೆಳಗಿಟ್ಟು, ಮೊದಲ ಸಲ ನೇರ ಅವಳ ಮುಖ ನೋಡಿದಳು. "ಬಾಯಿ ಜೋರಿದ್ದಾಕಿ ಬಾಜೂ ಗ್ವಾಡಿಗಿ ಇಷ್ಟು ವರ್ಷ ಬಾಳೇ ಮಾಡೀನಿ ನಾ. ನನಗ ಹೇಳ್ಬ್ಯಾಡ್ರಿ."

ಭಾಗ್ಯಾ ಮೊದಲು ನಕ್ಕಳು. ಆಮೇಲೆ ಎಲ್ಲರೂ. ದೊಡ್ಡವ್ವ ನಗುತ್ತಾ ಕಣ್ಣು ಒರೆಸಿಕೊಂಡಳು. ಮಾಳಿಗೆಯಿಂದ ಆಜಿ "ಆವಾಜ!" ಅಂತ ಕೂಗಿದ್ದು ಟಿವಿಗಲ್ಲ, ನಮ್ಮ ನಗುವಿಗೆ.

ಸಾಬವ್ವ ಎದ್ದಾಗ ದೊಡ್ಡವ್ವ ಕೇಳಿದಳು, "ಏನಂತೀರಿ?"

"ಮನೀಗಿ ಹೋಗಿ ತಿಳಸ್ತೀವ್ರಿ" ಅಂದು ಹೋಗಿಬಿಟ್ಟಳು. ಮನೆ ಎಷ್ಟು ದೂರ ಹೇಳು, ಒಂದಿಟ್ಟಿಗೆಯ ಅಗಲ.

ಮರುದಿನ ನಳದ ಹತ್ತಿರ ಎಲ್ಲರೂ 'ಮೊದಲು ನೀ ಹಿಡಿ, ಮೊದಲು ನೀ ಹಿಡಿ' ಅಂತ ಕಾಯುತ್ತಿದ್ದರು, ಯಾರಿಗೂ ಹೋಗುವ ಅವಸರವಿಲ್ಲ. ಸಾಬವ್ವ ನಿಧಾನವಾಗಿ ಕೊಡ ತೊಳೆದಳು, ತುಂಬಿಸಿದಳು, ಸೊಂಟಕ್ಕೆ ಏರಿಸಿಕೊಂಡಳು. ದೊಡ್ಡವ್ವ ನಿಂತೇ ಇದ್ದಳು.

"ಹುಡುಗಿ ನಮಗ ಒಪ್ಪಿಗಿ" ಅಂದಳು ಸಾಬವ್ವ. "ಆದ್ರ ಒಂದು ಮಾತು. ಆ ಡಬ್ಬಿ ಮ್ಯಾಲ ನಾ ಇನ್ನ ಕೂಡಾಂಗಿಲ್ಲ. ಸೊಂಟ ಹಿಡದದ. ನನ್ನ ಕೌದಿ ನನಗ ಇರಲಿ."

ಅಷ್ಟೇ. ಈಗ ನಿನ್ನ ಪ್ರಶ್ನೆಗೆ ಉತ್ತರ, ಹೂವಿನ ಅಂಗಡಿಯದನ್ನು ನೋಡು. ಆದರೆ ಅಲ್ಲಿ ಹಿಂಜವಾಡಿಯ ರೂಮಿನಲ್ಲಿ ಒಬ್ಬಳೇ ಫೋನಿನಲ್ಲಿ ನೋಡಬೇಡ, ರವಿವಾರ ಬಿಟ್ಟು ಯಾವ ದಿನವಾದರೂ ಇಲ್ಲಿಗೆ ಬಾ, ತಲೆ ಬಗ್ಗಿಸಿ ಒಳಗೆ ಬಾ. ಟಿವಿ ಮತ್ತೆ ಹಳೆಯ ಗೋಡೆಗೆ ಹೋಗಿದೆ, ಸದ್ದೂ ಇಳಿದಿದೆ. ದೊಡ್ಡಪ್ಪನೊಬ್ಬನಿಗೆ ಕಷ್ಟ, ಸದ್ದಿಲ್ಲದೆ ತೂಕಡಿಕೆ ಬರುವುದಿಲ್ಲವಂತೆ.

ನಿಲ್ಲು, ಎಂಟಾಗುತ್ತಾ ಬಂತು. ಫೋನು ಕಿಟಕಿಗೆ ಹಿಡಿಯುತ್ತೇನೆ. ನಮ್ಮ ದೊಡ್ಡವ್ವ ಗೋಡೆ ಬಡಿಯುತ್ತಿದ್ದಾಳೆ, 'ರೀ'ಯೂ ಇಲ್ಲ, 'ಅವರೇ'ಯೂ ಇಲ್ಲ. ಕೇಳಿಸಿತಾ?

"ಏ ಸಾಬಿ! ಏನ್ ಮಾಡ್ಲಾಕತ್ತಿ ಒಳಗ? ಹಾಡ ಸುರು ಆತು, ಬಾರೇ ಲಗೂನ!"